ಜಾರುವ ಕೀಲು, ಹಿರಿದಾದ ಗುಂಡು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮರ ಹತ್ತುವ ಕೆಲಸವೊಂದನ್ನು ಬಿಟ್ಟರೆ ತೆಂಗಿನ ಕಸುಬು ಬಹುಮಟ್ಟಿಗೆ ನೆಲದ ಮೇಲಿನದು. ಗರಿ ಹೆಣೆಯುವುದಿರಲಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವುದಿರಲಿ, ಕುಕ್ಕರುಗಾಲಿನಲ್ಲೋ ಚಕ್ಕಳಮಕ್ಕಳ ಹಾಕಿಯೋ ಕೂರಬೇಕು. ಆದರೆ ಸೊಂಟದ ಕೀಲು ಹಾಳಾಗಿ ಕೃತಕ ಕೀಲು ಹಾಕಿಸಿಕೊಂಡವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುತ್ತಾ ಬಂದ ಮಾತು, ನೆಲದ ಮೇಲೆ ಕೂರಬೇಡಿ ಎಂಬುದು. ಕೀಲು ತಪ್ಪೀತೆಂಬುದೇ ಅದಕ್ಕೆ ಕಾರಣ.

ಈ ಸಂಕಟ ಹಳೆಯದು. ಸುಶ್ರುತ ಸಂಹಿತೆಯು ಮೂಳೆ ಮುರಿತವನ್ನು ‘ಕಾಂಡಭಗ್ನ’ವೆಂದೂ ಕೀಲು ತಪ್ಪುವುದನ್ನು ‘ಸಂಧಿಮುಕ್ತ’ವೆಂದೂ ಬೇರ್ಪಡಿಸಿ, ಎರಡನೆಯದರಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಆರೋಗ್ಯವಂತ ಸೊಂಟದ ಕೀಲು ಸುಲಭವಾಗಿ ತಪ್ಪುವಂಥದಲ್ಲ. ತೊಡೆಮೂಳೆಯ ತುದಿಯ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿದ್ದು, ಸುತ್ತಲೂ ಪೊರೆ ಮತ್ತು ಸ್ನಾಯುಗಳ ಬಿಗಿ ಇರುತ್ತದೆ. ಮರದಿಂದ ಬಿದ್ದಂಥ ಭಾರಿ ಪೆಟ್ಟು ಬಿದ್ದಾಗ ಅದು ಕಳಚಬಹುದು. ಆಗ ಗುಂಡಿಗೆ ರಕ್ತ ಹರಿಯುವುದು ನಿಂತು ಮೂಳೆಯೇ ಸಾಯುವುದುಂಟು. ದುಡಿಯುವ ವಯಸ್ಸಿನವರಿಗೂ ಕೃತಕ ಕೀಲು ಬೇಕಾಗಲು ಇದೂ ಒಂದು ಕಾರಣ.

ಹಾಳಾದ ಗುಂಡನ್ನು ಕತ್ತರಿಸದೆ ಅದಕ್ಕೊಂದು ಟೋಪಿ ತೊಡಿಸುವ ಯೋಚನೆ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಅವರದು. 1923ರಲ್ಲಿ ಅವರು ಗಾಜಿನ ಟೋಪಿ ಬಳಸಿದರು, ಅದು ಒಡೆಯಿತು. 1938ರಲ್ಲಿ ಮಿಶ್ರಲೋಹಕ್ಕೆ ತಿರುಗಿದರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಬೇರೆ ದಾರಿ ಹಿಡಿದರು. 1962ರಲ್ಲಿ ಅವರು ಗುಂಡನ್ನೇ ತೆಗೆದು ಸುಮಾರು 22 ಮಿ.ಮೀ. ವ್ಯಾಸದ ಲೋಹದ ಗುಂಡನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿದರು. ಗುಂಡು ಚಿಕ್ಕದಾದಷ್ಟೂ ಘರ್ಷಣೆ ಕಡಿಮೆ ಎಂಬುದು ಅವರ ಲೆಕ್ಕ. ಲಕ್ಷಾಂತರ ಜನ ಮತ್ತೆ ನಡೆದಾಡಿದರು. ಆದರೆ ಅಷ್ಟು ಚಿಕ್ಕ ಗುಂಡು ಬಟ್ಟಲಿನ ಅಂಚು ದಾಟಲು ಸುಮಾರು 11 ಮಿ.ಮೀ. ಸರಿದರೆ ಸಾಕು. ಮನುಷ್ಯನ ಸಹಜ ಗುಂಡಿನ ಅಳತೆ ಅದರ ಎರಡು ಪಟ್ಟು.

ಬರ್ಮಿಂಗ್‌ಹ್ಯಾಮಿನ ಡೆರೆಕ್ ಮೆಕ್‌ಮಿನ್ 1991ರಲ್ಲಿ ಟೋಪಿಯ ಯೋಚನೆಗೆ ಮರುಜೀವ ಕೊಟ್ಟರು. 1997ರಲ್ಲಿ ‘ಬರ್ಮಿಂಗ್‌ಹ್ಯಾಮ್ ಹಿಪ್’ ಬಂತು. ಈ ಹಿಪ್ ರೀಸರ್ಫೇಸಿಂಗ್‌ನಲ್ಲಿ ಗುಂಡಿನ ಮೇಲ್ಮೈಯನ್ನಷ್ಟೇ ಕೆತ್ತಿ ಲೋಹದ ಟೋಪಿ ಹಾಕುತ್ತಾರೆ, ಬಟ್ಟಲೂ ಲೋಹದ್ದೇ. ಗುಂಡು ಸಹಜ ಗಾತ್ರದಷ್ಟೇ ಇರುವುದರಿಂದ ಕೀಲು ಜಾರುವುದು ಅಪರೂಪ. ಆದರೂ ಭಯ ಪೂರ್ತಿ ಹೋಗಲಿಲ್ಲ. ತೊಡೆಮೂಳೆಯ ಕುತ್ತಿಗೆ ದಪ್ಪವಾಗಿಯೇ ಉಳಿಯುವುದರಿಂದ, ಬಟ್ಟಲನ್ನು ಓರೆಯಾಗಿ ಕೂರಿಸಿದ್ದರೆ ಅದು ಅಂಚಿಗೆ ತಾಗಬಹುದು. ಕುತ್ತಿಗೆ ಮುರಿಯುವ ಅಪಾಯವೂ ಉಂಟು.

ದೊಡ್ಡ ಬೆಲೆ ತೆತ್ತದ್ದು ಬೇರೆ ಕಡೆ. ಲೋಹ ಲೋಹಕ್ಕೆ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೂ ಸುತ್ತಲ ಮಾಂಸಕ್ಕೂ ಸೇರಿದವು. ‘ಎಎಸ್ಆರ್’ ಹೆಸರಿನ ಕೀಲನ್ನು ಡಿಪ್ಯೂ ಕಂಪೆನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅದನ್ನು ಹಾಕಿಸಿಕೊಂಡವರಲ್ಲಿ ಭಾರತೀಯರೂ ಇದ್ದರು. ಕೇಂದ್ರ ಸರ್ಕಾರ 2017ರಲ್ಲಿ ತಜ್ಞರ ಸಮಿತಿ ನೇಮಿಸಿತು. ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರಲ್ಲಿ ಬರ್ಮಿಂಗ್‌ಹ್ಯಾಮ್ ಹಿಪ್‌ನ ಚಿಕ್ಕ ಅಳತೆಗಳನ್ನೂ ಅದರ ತಯಾರಕರು ಹಿಂದಕ್ಕೆ ಪಡೆದು, ಮಹಿಳೆಯರಿಗೆ ಅದು ಬೇಡವೆಂದರು. ಚಿಕ್ಕ ಅಳತೆಯ ಕೀಲುಗಳು ಬೇಗ ಕೆಡುತ್ತಿದ್ದವು.

ಇತಿಹಾಸ ಕಲಿಸಿದ ಪಾಠ ಇಷ್ಟು: ಕೀಲು ಜಾರದಿರುವುದು ಒಂದು ಗುಣ, ಸವೆಯದಿರುವುದು ಇನ್ನೊಂದು, ಒಂದನ್ನು ಗೆದ್ದ ಮಾತ್ರಕ್ಕೆ ಇನ್ನೊಂದು ಕೈಗೆ ಬರುವುದಿಲ್ಲ. ಹೆಚ್ಚು ಬಾಳುವ ಪ್ಲಾಸ್ಟಿಕ್ ಮತ್ತು ಸೆರಾಮಿಕ್ ಬಂದಮೇಲೆ ಸಾಮಾನ್ಯ ಕೃತಕ ಕೀಲಿನಲ್ಲೂ 32, 36 ಮಿ.ಮೀ. ಗುಂಡು ಬಳಸುವುದು ಸಾಧ್ಯವಾಗಿದೆ. ನೆಲದ ಮೇಲೆ ಕೂತು ದುಡಿಯುವವರು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ಆ ವಿಷಯ ತಿಳಿಸುವುದು ಲೇಸು. ಯಾವ ಕೀಲು, ಯಾವ ಅಳತೆ ಎಂದು ಬರೆದಿರುವ ಆಸ್ಪತ್ರೆಯ ಚೀಟಿಯನ್ನು ಜಮೀನಿನ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೊಮ್ಮೆ ಕೀಲು ಕೆಟ್ಟರೆ ಮೊದಲು ಬೇಕಾಗುವುದು ಅದೇ.