ಅಪಸ್ವರದ ಮೂಲ: ಸಿ ಭಾಷೆಯ ಧ್ವನಿಸಂಶ್ಲೇಷಣ ಪ್ಲಗಿನ್‌ನಲ್ಲಿ ದೋಷಶೋಧ

ಧ್ವನಿ ಹುಟ್ಟಿಸುವ ಪ್ರೋಗ್ರಾಂ ತಪ್ಪಿದಾಗಲೂ ಏನಾದರೊಂದು ಸದ್ದು ಮಾಡುತ್ತಲೇ ಇರುತ್ತದೆ. ಲೆಕ್ಕಪತ್ರದ ತಂತ್ರಾಂಶದಲ್ಲಿ ಸಾಲೊಂದು ತಪ್ಪಿದರೆ ಮೊತ್ತ ತಾಳೆಯಾಗುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. ಇಲ್ಲಿ ತಪ್ಪೂ ಇಂಪಾಗಿಯೇ ಕೇಳಿಸೀತು. ತಂತಿಯ ಶ್ರುತಿ ತುಸು ಇಳಿದಿದ್ದರೆ ಅದು ಗಣಿತದ ತಪ್ಪೋ, ಪಾಯಿಂಟರಿನ ತಪ್ಪೋ, ಪ್ಲಗಿನ್ನಿಗೂ ಅದನ್ನು ನಡೆಸುವ ಹೋಸ್ಟ್ ತಂತ್ರಾಂಶಕ್ಕೂ ನಡುವಿನ ಒಪ್ಪಂದದ ತಪ್ಪೋ ಎಂಬುದನ್ನು ಕಿವಿಯೊಂದೇ ಹೇಳಲಾರದು. ಈ ಲೇಖನದ ವಾದ ಇಷ್ಟು: ದೋಷ ಹೇಗೆ ಕೇಳಿಸುತ್ತದೆ ಎಂಬುದಕ್ಕಿಂತ, ಶ್ರುತಿ, ಸ್ಯಾಂಪಲ್ ದರ, ಬ್ಲಾಕಿನ ಅಳತೆ, ತಂತಿಗಳ ಸಂಖ್ಯೆ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿದಾಗ ಅದು ಹೇಗೆ ಬದಲಾಗುತ್ತದೆ ಎಂಬುದೇ ಮೂಲವನ್ನು ಖಚಿತವಾಗಿ ತೋರಿಸುತ್ತದೆ.

ಪರೀಕ್ಷೆಗೆ ಎತ್ತಿಕೊಂಡಿರುವುದು ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ರೂಪಿಸಿದ ಪ್ಯೂರ್ ಡೇಟಾ ಎಂಬ ಸಂಗೀತ ತಂತ್ರಾಂಶಕ್ಕೆ ಸಿ ಭಾಷೆಯಲ್ಲಿ ಬರೆದ ಪುಟ್ಟ ಪ್ಲಗಿನ್. ಅನುಕೂಲಕ್ಕೆ ಅದನ್ನು ‘ತಂತು’ ಎನ್ನೋಣ. ಅದರೊಳಗಿರುವುದು ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಕಂಪ್ಯೂಟರ್ ಮ್ಯೂಸಿಕ್ ಜರ್ನಲ್‌ನಲ್ಲಿ ಪ್ರಕಟಿಸಿದ ವಿಧಾನ. ಒಂದು ಬಫರಿಗೆ ಮನಬಂದಂತೆ ಸಂಖ್ಯೆಗಳನ್ನು ತುಂಬುವುದು, ಅದನ್ನು ಸುತ್ತಿಸುತ್ತಿ ಓದುವುದು, ಓದಿದಾಗಲೆಲ್ಲ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ಸರಾಸರಿಯನ್ನು ಮರಳಿ ಬರೆಯುವುದು. ಇಷ್ಟರಿಂದಲೇ ಗೊರಗೊರ ಸದ್ದು ಕ್ಷಣದಲ್ಲಿ ಮೀಟಿದ ತಂತಿಯ ನಾದವಾಗುತ್ತದೆ. ಇಂಥ ನಾಲ್ಕು ತಂತುಗಳನ್ನು ಪಂಚಮ, ಸಾರಣಿ, ಅನುಸಾರಣಿ, ಮಂದ್ರಗಳಿಗೆ ಕೂಡಿಸಿದರೆ ತಂಬೂರಿಯ ಒರಟು ನಕಲೊಂದು ಸಿಗುತ್ತದೆ.

ಅರ್ಧ ಸ್ಯಾಂಪಲ್

ಮೊದಲ ದೂರು ಶ್ರುತಿಯದು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ 261.63 ಹರ್ಟ್ಸ್‌ನ ಷಡ್ಜ ಬೇಕಾದರೆ ಒಂದು ಸುತ್ತು 168.56 ಸ್ಯಾಂಪಲ್‌ಗಳಷ್ಟು ಉದ್ದವಿರಬೇಕು. ಇಂಥ ಭಿನ್ನರಾಶಿಯ ಉದ್ದವನ್ನು ಸಾಧಿಸಲು ಡೇವಿಡ್ ಜ್ಯಾಫೆ ಮತ್ತು ಜೂಲಿಯಸ್ ಸ್ಮಿತ್ ಅದೇ ಪತ್ರಿಕೆಯ ಅದೇ ವರ್ಷದ ಲೇಖನದಲ್ಲಿ ಆಲ್‌ಪಾಸ್ ಫಿಲ್ಟರಿನ ದಾರಿ ತೋರಿಸಿದ್ದರು. ಆ ದಾರಿ ಹಿಡಿದ ಮೇಲೂ ತಂತು ಇಳಿದೇ ನುಡಿಯಿತು ಎನ್ನೋಣ. ಸ್ಥಾಯಿಯೊಂದನ್ನು 1200 ಪಾಲು ಮಾಡಿದ ಸೆಂಟ್ ಎಂಬ ಮಾನದಲ್ಲಿ ಅಳೆದರೆ, ಈ ಷಡ್ಜದಲ್ಲಿ ಇಳಿತ ಸುಮಾರು 5 ಸೆಂಟ್. ಒಂದು ಸ್ಥಾಯಿ ಮೇಲೆ 10. ಎರಡು ಸ್ಥಾಯಿ ಮೇಲೆ 20ಕ್ಕೂ ತುಸು ಹೆಚ್ಚು. 22 ಶ್ರುತಿಗಳ ಲೆಕ್ಕದಲ್ಲಿ ಅತಿ ಸಣ್ಣದೆನ್ನುವ 81:80ರ ಅಂತರವೇ 21.5 ಸೆಂಟ್. ಮೇಲಿನ ತಂತಿ ಹೆಚ್ಚುಕಡಿಮೆ ಒಂದು ಶ್ರುತಿಯಷ್ಟು ಇಳಿದಿರುವಾಗ ಕೆಳಗಿನದರಲ್ಲಿ ಯಾರ ಕಿವಿಗೂ ತಪ್ಪು ಸಿಕ್ಕದೆ ಹೋಗಬಹುದು.

ಆವೃತ್ತಿ ಇಮ್ಮಡಿಯಾದಂತೆ ತಪ್ಪೂ ಇಮ್ಮಡಿಯಾಗುತ್ತಿದೆ. ಅಂದರೆ ಕಾಲದಲ್ಲಿ ತಪ್ಪು ಎಲ್ಲ ಸ್ವರಗಳಿಗೂ ಒಂದೇ, ಸರಿಯಾಗಿ ಅರ್ಧ ಸ್ಯಾಂಪಲ್. ಅದರ ಬದಲು ಎಲ್ಲ ಸ್ವರಗಳೂ ಸಮನಾಗಿ 147 ಸೆಂಟ್‌ನಷ್ಟು ಏರಿದ್ದರೆ ಕಥೆಯೇ ಬೇರೆ: ಕೋಡಿನಲ್ಲಿ 44,100 ಎಂದು ಬರೆದಿಟ್ಟು ಹೋಸ್ಟನ್ನು 48,000ದಲ್ಲಿ ಓಡಿಸಲಾಗಿದೆ. ಎರಡನ್ನೂ ಬೇರ್ಪಡಿಸಲು ಡಿಬಗರ್ ಬೇಕಿಲ್ಲ, ಮೂರು ಸ್ಥಾಯಿಗಳಲ್ಲಿ ಅಳೆದರೆ ಸಾಕು.

ಆ ಅರ್ಧ ಸ್ಯಾಂಪಲ್ ಎಲ್ಲಿಂದ ಬಂತು? ಬಫರಿಗೆ 8 ಸ್ಥಾನಗಳನ್ನಷ್ಟೇ ಇಟ್ಟು, ಮೊದಲನೆಯದರಲ್ಲಿ 1, ಉಳಿದವುಗಳಲ್ಲಿ 0 ತುಂಬಿ, ಬರುವ ಸಂಖ್ಯೆಗಳನ್ನು ಕಡತಕ್ಕೆ ಬರೆಸಿ ನೋಡಬೇಕು. ಮೊದಲ ಸುತ್ತಿನಲ್ಲಿ 1. ಎರಡನೆಯದರಲ್ಲಿ 1/2, 1/2. ಮೂರನೆಯದರಲ್ಲಿ 1/4, 2/4, 1/4. ನಾಲ್ಕನೆಯದರಲ್ಲಿ 1/8, 3/8, 3/8, 1/8. ಛಂದಶ್ಶಾಸ್ತ್ರ ಓದಿದವರಿಗೆ ಇದು ಪರಿಚಿತ, ಹಲಾಯುಧ ಪಿಂಗಲನ ಸೂತ್ರಗಳಿಗೆ ಬರೆದ ವ್ಯಾಖ್ಯಾನದಲ್ಲಿ ವಿವರಿಸಿದ ಮೇರುಪ್ರಸ್ತಾರವೇ. ಪ್ರತಿ ಸುತ್ತಿನಲ್ಲೂ ಸಾಲು ಒಂದು ಸ್ಥಾನ ಅಗಲವಾಗುತ್ತದೆ, ಆದ್ದರಿಂದ ಅದರ ನಡುಬಿಂದು ಅರ್ಧ ಸ್ಥಾನ ಬಲಕ್ಕೆ ಸರಿಯುತ್ತದೆ. ಬಫರಿನ ಉದ್ದ 8 ಆದರೂ ಸುತ್ತಿನ ನಿಜವಾದ ಅವಧಿ ಎಂಟೂವರೆ. ಸರಾಸರಿಯ ಈ ವಿಳಂಬವನ್ನು ಉದ್ದದಿಂದ ಕಳೆಯದೆ ಬಿಟ್ಟಿದ್ದೇ ಶ್ರುತಿ ಇಳಿಯಲು ಕಾರಣ.

ಈ ಪರೀಕ್ಷೆಯ ಇನ್ನೊಂದು ಗುಣ ನನಗೆ ಬಹಳ ಮೆಚ್ಚುಗೆ. ಮೇರುವಿನ ಈ ಮೊದಲ ಸಾಲುಗಳ ಸಂಖ್ಯೆಗಳೆಲ್ಲ ಎರಡರ ಘಾತಗಳಿಂದ ಭಾಗಿಸಿದವು. ಫ್ಲೋಟ್ ಮಾದರಿಯಲ್ಲಿ ಒಂದಿಷ್ಟೂ ಸವೆಯದೆ ಕೂರುತ್ತವೆ. ಹಾಗಾಗಿ ‘ಹೆಚ್ಚುಕಡಿಮೆ ಸಮ’ ಎಂಬ ರಿಯಾಯಿತಿ ಕೊಡದೆ, ನಿರೀಕ್ಷಿತ ಉತ್ತರಕ್ಕೂ ಬಂದ ಉತ್ತರಕ್ಕೂ ನೇರ ತಾಳೆ ನೋಡಬಹುದು. ಸಾಲು ಎಂಟನೆಯ ಬದಲು ಏಳನೆಯ ಅಥವಾ ಒಂಬತ್ತನೆಯ ಸ್ಥಾನದಲ್ಲಿ ಶುರುವಾದರೆ ಲೂಪಿನ ಎಣಿಕೆ ಒಂದರಷ್ಟು ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ. ಕಿವಿಗೆ ಅದು ಬರೀ ಬೇಸುರು.

ಕಂಪೈಲರ್ ಕಾಣದ ಗಡಿ

ಗಣಿತ ಸರಿಯೆಂದು ಖಾತ್ರಿಯಾದ ಮೇಲೂ ಉಳಿಯುವ ದೋಷಗಳಲ್ಲಿ ಬಹುಪಾಲು ಹೋಸ್ಟಿನ ಗಡಿಯಲ್ಲಿ ಇರುತ್ತವೆ. ಕಾರಣ ಸಿ ಭಾಷೆಯ ಉದಾರತೆ. ‘ಆವೃತ್ತಿ’ ಎಂಬ ಸಂದೇಶ ದಶಮಾಂಶ ಸಂಖ್ಯೆಯನ್ನು ತರುತ್ತದೆ ಎಂದು ನೋಂದಾಯಿಸಿ, ಅದನ್ನು ಸ್ವೀಕರಿಸುವ ಫಂಕ್ಷನ್ನಿನಲ್ಲಿ ಪೂರ್ಣಾಂಕ ಎಂದು ಬರೆದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ನೋಂದಣಿಯ ವೇಳೆ ಮಾಡುವ ಕಾಸ್ಟ್ ಅದರ ಬಾಯಿ ಕಟ್ಟಿರುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ದಶಮಾಂಶಗಳೂ ಪೂರ್ಣಾಂಕಗಳೂ ಬೇರೆಬೇರೆ ರಿಜಿಸ್ಟರ್‌ಗಳಲ್ಲಿ ಸಾಗುವುದರಿಂದ, ಕಳುಹಿಸಿದ ಸಂಖ್ಯೆ ಒಂದು ಕಡೆ ಕಾಯುತ್ತಿರುತ್ತದೆ, ಫಂಕ್ಷನ್ ಇನ್ನೊಂದು ಕಡೆ ಬಿದ್ದಿದ್ದ ಹಳೆಯ ಕಸವನ್ನು ಓದುತ್ತದೆ. ಆವೃತ್ತಿ ಎಷ್ಟು ಕೊಟ್ಟರೂ ತಂತಿ ತನ್ನಿಚ್ಛೆಯ ಸ್ವರ ನುಡಿಯುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಧ್ವನಿ ಲೆಕ್ಕ ಹಾಕುವ ಫಂಕ್ಷನ್ನಿನ ಒಪ್ಪಂದ ಇನ್ನೂ ಕಠಿಣ. ಪ್ಯೂರ್ ಡೇಟಾ ಒಂದು ಉದ್ದನೆಯ ಪಟ್ಟಿಯಲ್ಲಿ ಫಂಕ್ಷನ್ನಿನ ವಿಳಾಸ, ಅದರ ಹಿಂದೆ ಅದಕ್ಕೆ ಬೇಕಾದ ಪಾಯಿಂಟರ್‌ಗಳು, ಬಳಿಕ ಮುಂದಿನ ಫಂಕ್ಷನ್ನಿನ ವಿಳಾಸ ಹೀಗೆ ಜೋಡಿಸಿಡುತ್ತದೆ. ಪ್ರತಿಯೊಂದು ಫಂಕ್ಷನ್ನೂ ಕೆಲಸ ಮುಗಿಸಿ, ತನ್ನ ಪಾಲಿನ ಪಾಯಿಂಟರ್‌ಗಳಿಗೆ ಒಂದನ್ನು ಕೂಡಿಸಿ ಅಷ್ಟು ಮನೆ ದಾಟಿದ ಸ್ಥಾನವನ್ನು ಹಿಂದಿರುಗಿಸಬೇಕು. ಪಾಯಿಂಟರ್ ನಾಲ್ಕಿದ್ದರೆ ಐದು ಮನೆ. ಹೊಸದೊಂದು ಒಳಹರಿವು ಸೇರಿಸಿ ಐದನ್ನು ಆರಾಗಿಸಲು ಮರೆತರೆ ಹೋಸ್ಟ್ ದತ್ತಾಂಶವನ್ನೇ ಫಂಕ್ಷನ್ ಎಂದುಕೊಂಡು ಅಲ್ಲಿಗೆ ಹಾರಿ ಬೀಳುತ್ತದೆ. ಡಿಬಗರ್‌ನ ಮೇಲಿನ ಸಾಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಈ ಎಣಿಕೆಯನ್ನು ಶಂಕಿಸುವುದು ಲೇಸು. ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೋಡಿಸಿ ಪ್ಲಗಿನ್ನನ್ನು ಕಂಪೈಲ್ ಮಾಡುವವರು, ಹೋಸ್ಟ್ ಆ ಜೋಡಣೆ ಇಲ್ಲದೆ ಬಂದಿರುತ್ತದೆ ಎಂಬುದನ್ನು ನೆನಪಿಡಬೇಕು. ಸ್ಯಾನಿಟೈಸರಿನ ಲೈಬ್ರರಿಯನ್ನು ಎಲ್ಲಕ್ಕಿಂತ ಮೊದಲು ಲೋಡ್ ಮಾಡಿಸದೆ ಪ್ಲಗಿನ್ ಓಡುವುದಿಲ್ಲ.

ಒಂದು ಪ್ಯಾಚ್‌ನಲ್ಲಿ ಸರಿಯಾಗಿದ್ದದ್ದು ಇನ್ನೊಂದರಲ್ಲಿ ಕೆಡುವ ದೋಷ ಎಲ್ಲಕ್ಕಿಂತ ಕಾಡುವಂಥದ್ದು. ನೆನಪಿನ ಜಾಗ ಉಳಿಸಲು ಹೋಸ್ಟ್ ಒಳಹರಿವಿಗೂ ಹೊರಹರಿವಿಗೂ ಒಂದೇ ಬಫರನ್ನು ಕೊಡಬಹುದು. ತಂತು ಮೊದಲು ಹೊರಹರಿವನ್ನು ಸೊನ್ನೆಯಾಗಿಸಿ ಆಮೇಲೆ ಒಳಗಿನ ಮೀಟನ್ನು ಓದಿದರೆ, ಓದಬೇಕಾದದ್ದನ್ನು ತಾನೇ ಅಳಿಸಿರುತ್ತದೆ. ಓದಿ ಬರೆಯಬೇಕು, ಬರೆದು ಓದಬಾರದು.

ಬ್ಲಾಕಿನ ಸ್ವರ

ತಂತಿಯ ನಾದದ ಹಿಂದೆ ಜುಂಯ್ ಎನ್ನುವ ಇನ್ನೊಂದು ಸ್ವರ ಕೇಳಿದರೆ ಅದರ ಆವೃತ್ತಿಯನ್ನು ಅಳೆಯಬೇಕು. ಪ್ಯೂರ್ ಡೇಟಾ 64 ಸ್ಯಾಂಪಲ್‌ಗಳ ಬ್ಲಾಕಿನಲ್ಲಿ ಕೆಲಸ ಮಾಡುತ್ತದೆ. 44,100ನ್ನು 64ರಿಂದ ಭಾಗಿಸಿದರೆ 689. ಜುಂಯ್‌ಕಾರ ಅಲ್ಲಿಯೇ ಇದ್ದು, ಬ್ಲಾಕನ್ನು 128 ಮಾಡಿದೊಡನೆ ಸ್ಥಾಯಿಯೊಂದು ಕೆಳಗಿಳಿದರೆ ಸಂದೇಹವೇ ಬೇಡ: ಬ್ಲಾಕಿನ ಅಂಚಿನಲ್ಲಿ ಏನೋ ಕಡಿಯುತ್ತಿದೆ. ಸಾಮಾನ್ಯ ಕಾರಣ, ಬಫರಿನ ಸ್ಥಾನವನ್ನು ವೇಗಕ್ಕಾಗಿ ಸ್ಥಳೀಯ ವೇರಿಯಬಲ್‌ಗೆ ತೆಗೆದುಕೊಂಡು ಕೊನೆಗೆ ಸ್ಟ್ರಕ್ಟಿಗೆ ಮರಳಿಸದೆ ಬಿಟ್ಟದ್ದು.

ತಂತಿಗಳ ಸಂಖ್ಯೆಯ ಪರೀಕ್ಷೆ ಇನ್ನೂ ಸರಳ. ಒಂಟಿಯಾಗಿ ಶುದ್ಧವಾಗಿ ನುಡಿದ ತಂತು, ಎರಡನೆಯದನ್ನು ಇಟ್ಟಕೂಡಲೇ ಕೆಟ್ಟರೆ ಬಫರನ್ನು ಸ್ಟ್ಯಾಟಿಕ್ ಎಂದು ಘೋಷಿಸಲಾಗಿದೆ. ಎಲ್ಲ ತಂತುಗಳೂ ಒಂದೇ ಬಫರನ್ನು ತುಂಡುತುಂಡಾಗಿ ಹಂಚಿಕೊಳ್ಳುತ್ತಿವೆ.

ಮೌನದ ಬೆಲೆ

ನಾದ ಅಡಗಿದ ಮೇಲೆ ಪ್ರೊಸೆಸರಿನ ಹೊರೆ ಏರುವುದು ಮೊದಲ ಸಲ ಕಂಡವರಿಗೆ ವಿಚಿತ್ರ. ಸುತ್ತಿಗೊಮ್ಮೆ 0.996ರಿಂದ ಗುಣಿಸಿ ಕುಗ್ಗಿಸುವ ತಂತಿ, 261 ಹರ್ಟ್ಸ್‌ನಲ್ಲಿ ಸುಮಾರು 80 ಸೆಕೆಂಡುಗಳಲ್ಲಿ ಫ್ಲೋಟಿನ ಸಾಮಾನ್ಯ ಮಿತಿಯಾದ 1.18 × 10⁻³⁸ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದಾಚೆಗಿನ ಡಿನಾರ್ಮಲ್ ಸಂಖ್ಯೆಗಳಲ್ಲಿ ಲೆಕ್ಕ ಮಾಡುವುದು ಅನೇಕ ಪ್ರೊಸೆಸರ್‌ಗಳಿಗೆ ಬಲು ನಿಧಾನ. ಅದಕ್ಕಿಂತ ಕೆಟ್ಟದ್ದು, ರೌಂಡಿಂಗ್‌ನಿಂದಾಗಿ ಬೆಲೆ ಸೊನ್ನೆಗೂ ಇಳಿಯದೆ ಅಲ್ಲಿಯೇ ಸಿಕ್ಕಿಕೊಳ್ಳಬಹುದು.

ನಷ್ಟದ ಗುಣಕವನ್ನೇ ತೆಗೆದರೆ ಇನ್ನೊಂದು ತೊಡಕು. ಸರಾಸರಿ ಏರಿಳಿತವನ್ನು ಸವೆಸುತ್ತದೆಯೇ ಹೊರತು ಸ್ಥಿರ ಬೆಲೆಯನ್ನು ಮುಟ್ಟುವುದಿಲ್ಲ. ಆರಂಭದ ಸಂಖ್ಯೆಗಳ ಮೊತ್ತ ಸೊನ್ನೆಯಾಗಿರದಿದ್ದರೆ ಆ ಓರೆ ಉಳಿದೇ ಉಳಿಯುತ್ತದೆ, ಹಳೆಯದರ ಮೇಲೆ ಕೂಡಿಸುತ್ತ ಮೀಟಿದರೆ ಬೆಳೆಯುತ್ತದೆ. ಕೇಳಿಸುವುದು ನಿಲ್ಲಿಸಿದಾಗಿನ ಟಪ್ ಎಂಬ ಸದ್ದು ಮಾತ್ರ. ತುಂಬುವಾಗಲೇ ಸರಾಸರಿಯನ್ನು ಕಳೆದುಬಿಟ್ಟರೆ ಮುಗಿಯಿತು. ಆವೃತ್ತಿ 0 ಎಂದು ಬಂದಾಗ ಹುಟ್ಟುವ ಅನಂತ ಮತ್ತು ‘ಸಂಖ್ಯೆಯೇ ಅಲ್ಲ’ ಎಂಬ ಬೆಲೆಗಳು ಮಾತ್ರ ಇಷ್ಟು ಸುಲಭಕ್ಕೆ ಬಗ್ಗವು. ಒಮ್ಮೆ ಸುತ್ತಿನೊಳಗೆ ಹೊಕ್ಕರೆ ತಾವಾಗಿ ಹೊರಬರುವುದಿಲ್ಲ. ಅವನ್ನು ಹಿಡಿಯಲು ಬರೆದ ಇಸ್‌ನ್ಯಾನ್ ತಪಾಸಣೆಯನ್ನು ಫಾಸ್ಟ್ ಮ್ಯಾತ್ ಆಯ್ಕೆ ಕೊಟ್ಟ ಕಂಪೈಲರ್ ‘ಇಂಥದ್ದು ಬರುವುದೇ ಇಲ್ಲ’ ಎಂದು ಕಿತ್ತೆಸೆಯಬಹುದು. ಪ್ಯೂರ್ ಡೇಟಾದ ಹೆಡರಿನಲ್ಲಿರುವ ಬಿಗ್ ಆರ್ ಸ್ಮಾಲ್ ಮ್ಯಾಕ್ರೊ ಸಂಖ್ಯೆಯ ಬಿಟ್‌ಗಳನ್ನೇ ನೋಡುವುದರಿಂದ ಡಿನಾರ್ಮಲ್ ಮತ್ತು ಇವು ಎರಡಕ್ಕೂ ಆಗುತ್ತದೆ.

ಕೊನೆಯದಾಗಿ, ದೋಷವೆಂದು ತಪ್ಪು ತಿಳಿಯುವ ಒಂದು ಸಂಗತಿ. ಎಲ್ಲ ಸರಿಪಡಿಸಿದ ಮೇಲೂ ತಂತುವಿನಲ್ಲಿ ತಂಬೂರಿಯ ಜೀವಾಳಿಯ ಝೇಂಕಾರ ಇರುವುದಿಲ್ಲ. ಆದರ್ಶ ತಂತಿಯನ್ನು ಸರಿಮಧ್ಯದಲ್ಲಿ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಏಳಬಾರದು. ತಂಬೂರಿ, ವೀಣೆಗಳಲ್ಲಿ ಹೀಗಾಗುವುದಿಲ್ಲ, ಕುದುರೆಯ ಬಾಗಿದ ಮೈಗೆ ತಂತಿ ತಗುಲುವುದರಿಂದ ಅವೂ ಬಲವಾಗಿ ಏಳುತ್ತವೆ ಎಂದು ಸಿ. ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲೇ, ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿ ಪ್ರಕಟಿಸಿದ್ದರು. ಹಾಗಾಗಿ ಮಧ್ಯದ ಮೀಟಿಗೆ ತಂತು ಸಮ ಉಪಸ್ವರಗಳನ್ನು ಕೈಬಿಟ್ಟರೆ ಕೋಡ್ ಸರಿಯಾಗಿದೆ, ಮಾದರಿ ಸಾಲದು ಎಂದರ್ಥ. ಕುದುರೆಯ ಸ್ಪರ್ಶವನ್ನು ಸೇರಿಸಲು ತಂತಿಯ ಚಲನೆಗೆ ತಕ್ಕಂತೆ ಸುತ್ತಿನ ಉದ್ದವನ್ನೇ ಕ್ಷಣಕ್ಷಣಕ್ಕೆ ಬದಲಿಸಬೇಕಾಗುತ್ತದೆ. ಆಗ ಮೀಟಿನ ಬಲ ಇಮ್ಮಡಿಯಾದರೆ ಉತ್ತರ ಇಮ್ಮಡಿಯಾಗಲೇಬೇಕೆಂಬ ನಿಯಮ ಉಳಿಯುವುದಿಲ್ಲ, ಮೇರುವಿನ ಸಾಲುಗಳಿಗೆ ತಾಳೆ ನೋಡುವಂತಿಲ್ಲ. ಪ್ರತಿ ಬಲದ ಮೀಟಿಗೂ ಬೇರೆಯೇ ಒಂದು ನಿರೀಕ್ಷಿತ ಕಡತವನ್ನು ಸಿದ್ಧಪಡಿಸಿಕೊಳ್ಳಬೇಕು.