ಮಕ್ಕಳ ಉಸಿರಾಟದ ರೋಗಗಳೂ ಪ್ರತಿಜೀವಕಗಳೂ

ಪ್ರತಿಜೀವಕಗಳ ಇತಿಹಾಸವನ್ನು ನಾವು ವಿವೇಚನೆಯ ಇತಿಹಾಸವೆಂದೇ ತಿಳಿಯಬೇಕಾಗಿದೆ. ಅಲ್ಪಪ್ರಮಾಣದ ಪೆನಿಸಿಲಿನ್ ಸೇವನೆಯಿಂದ ರೋಗಾಣುಗಳು ಪ್ರತಿರೋಧ ಪಡೆಯುವುವೆಂದು ಫ್ಲೆಮಿಂಗರೇ 1945ರಲ್ಲಿ ಎಚ್ಚರಿಸಿದ್ದರು. ಮಕ್ಕಳ ನೆಗಡಿ, ಕೆಮ್ಮುಗಳು ಬಹುಮಟ್ಟಿಗೆ ವೈರಸ್ಸಿನಿಂದ ಬರತಕ್ಕವು. ಅವಕ್ಕೆ ಈ ಔಷಧ ನಿಷ್ಪ್ರಯೋಜಕ. ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದಲ್ಲಿಯಾದರೋ ವಿಳಂಬವೇ ಪ್ರಾಣಾಪಾಯ.

ಇವೆರಡನ್ನು ಬೇರ್ಪಡಿಸಲು ವಿಶ್ವ ಆರೋಗ್ಯ ಸಂಸ್ಥೆಯು 1980ರ ದಶಕದಿಂದ ಉಸಿರಿನ ಎಣಿಕೆಯನ್ನು ಒರೆಗಲ್ಲಾಗಿಸಿತು. ಕೆಮ್ಮುವ ಮಗುವಿನ ಉಸಿರು ವರ್ಷದೊಳಗೆ ನಿಮಿಷಕ್ಕೆ 50, ಅನಂತರ ಐದು ವರ್ಷದವರೆಗೆ 40 ಮುಟ್ಟಿದರೆ ನ್ಯುಮೋನಿಯಾದ ಶಂಕೆ. ಎರಡು ತಿಂಗಳೊಳಗಿನ ಕೂಸಿಗೆ ಬೇರೆ ಮಾನದಂಡ.

ಬನಶಂಕರಿಯ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಾಲ್ಗೊಂಡ, ದಕ್ಷಿಣ ಬೆಂಗಳೂರಿನ ನ್ಯುಮೊಕಾಕಸ್ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಆ ರೋಗಾಣುವಿನ ಲಸಿಕೆ 2017ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರಿತು. ಬೇಡವಾದೆಡೆ ಔಷಧವನ್ನು ತಡೆದರೆ ಮಾತ್ರ ಬೇಕಾದೆಡೆ ಅದರ ಬಲ ಉಳಿಯುವುದೆಂಬುದೇ ನಮ್ಮ ನಿರ್ಣಯ.