ಮೈಯಳತೆಯ ದೋಣಿ

ಬೇಸಗೆಯಲ್ಲಿ ಗ್ರೀನ್‌ಲ್ಯಾಂಡಿನ ಇಲುಲಿಸಾಟ್ ಪಟ್ಟಣಕ್ಕೆ ಸಂಸಾರಸಮೇತರಾಗಿ ಪ್ರವಾಸ ಹೋಗಿ, ತೇಲುವ ಹಿಮಬಂಡೆಗಳ ನಡುವೆ ಕಯಾಕ್ ನಡೆಸಬೇಕೆಂದು ಮುಂಗಡವಾಗಿ ಏರ್ಪಾಡು ಮಾಡಿಕೊಳ್ಳುವವರನ್ನು ದೋಣಿ ಕೊಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಮನೆಮಂದಿಯ ಎತ್ತರವೆಷ್ಟು, ತೂಕವೆಷ್ಟು ಎಂದು. ದರ್ಜಿಯ ಅಂಗಡಿಗೆ ಸಲ್ಲುವ ಈ ಪ್ರಶ್ನೆ ಕಡಲ ದಂಡೆಯಲ್ಲಿ ಕೇಳಿಬಂದುದು ಹೊಸಬರಿಗೆ ವಿಚಿತ್ರವೆನಿಸಬಹುದಾದರೂ, ಆ ದೋಣಿಯ ಪೂರ್ವವೃತ್ತಾಂತವನ್ನು ಬಲ್ಲವರಿಗೆ ಹಾಗೆನಿಸದು; ಏಕೆಂದರೆ ಕಯಾಕ್ ಎಂಬುದು ಮೊದಲಿನಿಂದಲೂ ಒಬ್ಬನ ಮೈಗೆ ಅಳೆದು ಹೊಲಿದ ಉಡುಪಿನಂಥದು.

ದೋಣಿಗೊದಗುವ ಮರ ಆ ನಾಡಿನಲ್ಲಿ ಬೆಳೆಯದು. ದೂರದ ಸೈಬೀರಿಯದ ನದಿಗಳು ಕಡಲಿಗೆ ತಳ್ಳಿದ ಮರಗಳು ಹಿಮದೊಡನೆ ಉತ್ತರಧ್ರುವಸಾಗರವನ್ನು ವರ್ಷಗಟ್ಟಲೆ ದಾಟಿ ಬಂದು ದಡ ಮುಟ್ಟಿದಾಗ, ಇನುಯಿಟ್ ಜನರು ಅವನ್ನೇ ಆಯ್ದು, ಸೀಳಿ, ಹಂದರ ಕಟ್ಟುತ್ತಿದ್ದರು. ಉದ್ದ ಸುಮಾರು ಮೂರು ಮಾರು, ಅಗಲ ಸೊಂಟದ ಮೇಲೆರಡು ಮುಷ್ಟಿ. ಮಾರು ಯಾರದೆಂದರೆ, ಅದರಲ್ಲಿ ಕೂರಲಿರುವ ಬೇಟೆಗಾರನದೇ.

ಆದರೆ ಹಂದರ ಅರ್ಧ ದೋಣಿ ಮಾತ್ರ. ಉಳಿದರ್ಧ ಹೆಂಗಸರದು, ಚರಿತ್ರಕಾರರು ಬೇಟೆಗಾರನ ಸಾಹಸಕ್ಕೆ ಸಲ್ಲಿಸಿದ ಗೌರವದ ಒಂದು ಪಾಲನ್ನಾದರೂ ಅವರ ಸೂಜಿಗೆ ಸಲ್ಲಿಸಬೇಕಿತ್ತೆಂದು ನನ್ನ ದೃಢವಾದ ಅಭಿಪ್ರಾಯ. ಸೀಲಿನ ತೊಗಲನ್ನು ಹದಮಾಡಿ, ಒದ್ದೆಯಿರುವಾಗಲೇ ಹಂದರದ ಮೇಲೆ ಎಳೆದು ಬಿಗಿದು, ಪ್ರಾಣಿಯ ನರದಿಂದ ಹೊಸೆದ ದಾರದಲ್ಲಿ ಅವರು ಹೊಲಿಯುತ್ತಿದ್ದರು. ಸೂಜಿ ತೊಗಲಿನ ಅರ್ಧ ದಪ್ಪಕ್ಕೆ ಇಳಿದು, ಆಚೆಯ ಮಗ್ಗುಲಿಗೆ ತೂರದೆ, ಅಲ್ಲಿಂದಲೇ ಮೇಲೇಳಬೇಕು. ತೂರಿತೋ, ಆ ರಂಧ್ರವೇ ಕಡಲಿಗೆ ಬಾಗಿಲು. ಒಣಗಿದ ತೊಗಲು ಸೆಟೆದು ನಗಾರಿಯಂತಾದ ಮೇಲೆ ಹೊಲಿಗೆಗೆ ಕೊಬ್ಬು ತೀಡುತ್ತಿದ್ದರು. ಬೇಟೆಗಾರನ ಮುಖ, ಮಣಿಕಟ್ಟು, ದೋಣಿಯ ಬಾಯಿ, ಇಷ್ಟನ್ನೂ ಬಿಗಿದು ನೀರನ್ನು ಹೊರಗಿಡುವ ‘ತುಯಿಲಿಕ್’ ಎಂಬ ತೊಗಲಂಗಿಯೂ ಅವರದೇ ಕೈಕೆಲಸ. ಹೀಗೆ ಒಬ್ಬನೇ ಕೂರುವ ದೋಣಿಯಾದರೂ ಅದು ಇಡೀ ಮನೆಯ ದೋಣಿಯಾಗಿತ್ತು.

ಮಗುಚಿದ ದೋಣಿಯಿಂದ ಹೊರಬೀಳದೆ ಹುಟ್ಟಿನ ಬಲದಿಂದಲೇ ಮರಳಿ ಮೇಲೇಳುವ ವಿದ್ಯೆ ಆ ಅಂಗಿಯಿಂದಲೇ ಸಾಧ್ಯವಾಯಿತು. ಡೇವಿಡ್ ಕ್ರಾಂಟ್ಸ್ 1765ರಲ್ಲಿ ಪ್ರಕಟಿಸಿದ ಗ್ರೀನ್‌ಲ್ಯಾಂಡಿನ ಚರಿತ್ರೆಯಲ್ಲಿ ಅದರ ಹತ್ತು ಬಗೆಗಳನ್ನು ವರ್ಣಿಸಿದ್ದಾನೆ. ಆ ಜನರಿಂದಲೇ ಅದನ್ನು ಕಲಿತ ಇಂಗ್ಲಿಷ್ ಅನ್ವೇಷಕ ಜಿನೊ ವಾಟ್ಕಿನ್ಸ್ 1932ರ ಆಗಸ್ಟಿನಲ್ಲಿ ಒಂಟಿಯಾಗಿ ಸೀಲ್ ಬೇಟೆಗೆ ಹೋದವನು ಮರಳಲಿಲ್ಲ. ಸಿಕ್ಕಿದ್ದು ತೇಲುತ್ತಿದ್ದ ಬರಿಯ ಕಯಾಕ್.

ಯೂರೋಪಿನ ವಿಹಾರಪ್ರಿಯರ ಕೈಗೆ ಈ ದೋಣಿ ಬಂದುದೂ ಸೂಜಿಯ ದಾರಿಯಿಂದಲೇ. 1905ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್‌ರಿಷ್ ಮಡಚಿ ಕೊಂಡೊಯ್ಯಬಹುದಾದ ಕಯಾಕನ್ನು ರಚಿಸಿದನು. ಅದರ ಹಕ್ಕನ್ನು 1907ರಲ್ಲಿ ಕೊಂಡ ಯೋಹಾನ್ ಕ್ಲೆಪರ್ ರೋಸೆನ್‌ಹೈಮ್ ಊರಿನ ದರ್ಜಿ. ಅಂಥದೇ ಮಡಚುದೋಣಿಯಲ್ಲಿ 1932ರಲ್ಲಿ ಜರ್ಮನಿಯ ಉಲ್ಮ್ ನಗರದಿಂದ ಹೊರಟ ಆಸ್ಕರ್ ಸ್ಪೆಕ್, ನಮ್ಮ ಪಶ್ಚಿಮ ಸಮುದ್ರತೀರವನ್ನು ಹಿಡಿದು ಸಿಂಹಳಕ್ಕಿಳಿದು, 1939ರಲ್ಲಿ ಆಸ್ಟ್ರೇಲಿಯದ ಗಡಿದ್ವೀಪವನ್ನು ಮುಟ್ಟಿದನು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿದ್ದುದರಿಂದ ಆತನಿಗೆ ದೊರೆತುದು ಬಂಧನ.

ಇತ್ತ ತವರಿನಲ್ಲಿ ಮೋಟಾರು ದೋಣಿಯೂ ಬಂದೂಕೂ ಬಂದು ಕಯಾಕ್ ಮರೆಯಾಗುತ್ತಿರಲು, 1980ರ ದಶಕದಲ್ಲಿ ನೂಕ್ ನಗರದ ತರುಣರು ಸಂಘ ಕಟ್ಟಿಕೊಂಡು, ಹಳಬರ ಬಳಿ ಕುಳಿತು, ಹಂದರ ಬಿಗಿಯುವುದನ್ನೂ ಮಗುಚಿ ಏಳುವುದನ್ನೂ ಮತ್ತೆ ಕಲಿತರು. ತೊಗಲಿನ ಬದಲು ಈಗ ಹಲವರು ಕ್ಯಾನ್‌ವಾಸ್ ಹೊದಿಸುತ್ತಾರೆ. ಹಳೆಯ ಕ್ರಮವನ್ನು ಹಿಡಿದವನು ಮಾತ್ರ ಇಂದಿಗೂ ಅಳತೆಪಟ್ಟಿಯನ್ನು ಹುಡುಕದೆ, ಮರದ ಪಟ್ಟಿಯ ಪಕ್ಕದಲ್ಲಿ ನಿಂತು ತನ್ನೆರಡು ತೋಳುಗಳನ್ನು ಚಾಚುತ್ತಾನೆ.